ಹಳೆ ಬೇಟೆ ಚಾಕು ಕೊಳ್ಳುತ್ತೀರಾ? ಅಲಗಿನ ಬುಡ ಓದಿ

ಅಮೆರಿಕದ ಹಳೆ ಸಾಮಾನಿನ ಸಂತೆಗಳಲ್ಲಿ ತುಕ್ಕು ಹಿಡಿದ ಸುತ್ತಿಗೆ, ಸ್ಪ್ಯಾನರ್‌ಗಳ ನಡುವೆ ಚರ್ಮದ ಒರೆಯೊಂದು ಕಾಣಿಸುತ್ತದೆ. ಒಳಗಿರುವುದು ಮಡಚುವ ಚಾಕು ಅಲ್ಲ. ಅಲಗು ಹಿಡಿಯಲ್ಲಿ ಗಟ್ಟಿಯಾಗಿ ಕೂತಿರುವ, ಜಿಂಕೆ ಬೇಟೆಗಾರರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಚಾಕು. ಅಲ್ಲಿ ನೆಲೆಸಿರುವ ನಮ್ಮವರಿಗೆ ಇವನ್ನು ಕೂಡಿಡುವ ಹುಚ್ಚು ಹತ್ತಿದರೆ ಶುರು ಮಾಡುವುದು ಹೀಗೆ.

ಮೊದಲು ಒಂದು ಕಂಪನಿ ಆರಿಸಿಕೊಳ್ಳಿ. ಸಿಕ್ಕಿದ್ದೆಲ್ಲ ಕೊಂಡರೆ ಮನೆ ಗುಜರಿ ಅಂಗಡಿ ಆಗುತ್ತದೆ. ಹೆಚ್ಚಿನವರ ಕಣ್ಣು ಮಿಷಿಗನ್‌ನ ಗ್ಲ್ಯಾಡ್‌ಸ್ಟೋನ್ ಊರಿನ ಮಾರ್ಬಲ್ಸ್ ಮೇಲೆ. ಕಾಡು ಸರ್ವೆ ಮಾಡುತ್ತಿದ್ದ ವೆಬ್‌ಸ್ಟರ್ ಮಾರ್ಬಲ್ ಹೆಸರು ಮಾಡಿದ್ದು ಮೊದಲು ಪುಟ್ಟ ಕೊಡಲಿಯಿಂದ. ಅದರ ಬಾಯಿಗೆ ಮಡಚುವ ಕಾಪು ಇತ್ತು. ಚಾಕುಗಳು ಬಂದಿದ್ದು ಆಮೇಲೆ. ಅವುಗಳಲ್ಲಿ ‘ಐಡಿಯಲ್’, ‘ವುಡ್‌ಕ್ರಾಫ್ಟ್’ ಬಲು ಬೇಡಿಕೆಯವು, ಬೆಲೆಯೂ ಜಾಸ್ತಿ. ಹೊಸಬರಿಗೆ ಕೊಲೊರಾಡೊದ ಬೌಲ್ಡರ್ ಊರಿನ ವೆಸ್ಟರ್ನ್ ಕಂಪನಿಯ ಚಾಕುಗಳೇ ವಾಸಿ ಅನ್ನುವುದು ನನ್ನ ಲೆಕ್ಕ. ತಪ್ಪು ಮಾಡಿದರೂ ಜೇಬು ಅಷ್ಟಾಗಿ ಸುಡುವುದಿಲ್ಲ.

ಇನ್ನು ನಿಜವಾದ ಕೆಲಸ. ಚಾಕು ಕೈಗೆ ಬಂದ ತಕ್ಷಣ ಹೊಳಪು ನೋಡಬೇಡಿ, ಹಿಡಿಗೆ ತಾಗಿದಂತಿರುವ ಅಲಗಿನ ಬುಡ ನೋಡಿ. ಕಂಪನಿಯ ಅಚ್ಚು ಇರುವುದು ಅಲ್ಲೇ. ಮಾರುವವರು ‘ಪೇಟೆಂಟ್ 1916’ ಎಂಬ ಅಚ್ಚು ತೋರಿಸಿ, ‘ನೂರು ವರ್ಷ ಹಳೆಯದು ಸ್ವಾಮಿ’ ಅನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಚಾಕು 1916ಕ್ಕಿಂತ ಹಿಂದಿನದಲ್ಲ ಅಂತಷ್ಟೇ ಅದರ ಅರ್ಥ. ಎಷ್ಟೋ ವರ್ಷ ಆದ ಮೇಲೂ ಅದೇ ಅಚ್ಚು ಒತ್ತಿರಬಹುದು, ಅಲ್ವಾ? ಕೆಲವು ಕಂಪನಿಗಳು ನಮ್ಮ ಕೆಲಸ ಹಗುರ ಮಾಡಿವೆ. ವೆಸ್ಟರ್ನ್ 1977ರಿಂದ ವರ್ಷಕ್ಕೊಂದು ಅಕ್ಷರ ಒತ್ತಿತು: ಎ ಅಂದರೆ 1977, ಬಿ ಅಂದರೆ 1978. ಬಕ್ ಕಂಪನಿ 1986ರಿಂದ ವರ್ಷಕ್ಕೊಂದು ಗುರುತು ಹಾಕುತ್ತಿದೆ.

ಆಮೇಲೆ ಅಲಗಿನ ಆಕಾರ. ಹಳೆ ಕ್ಯಾಟಲಾಗ್ ಚಿತ್ರದ ಪಕ್ಕ ಹಿಡಿದು ನೋಡಿ. ಸಾಣೆ ಹಿಡಿದೂ ಹಿಡಿದೂ ಅಲಗಿನ ಹೊಟ್ಟೆ, ಅಂದರೆ ಬಾಯಿಯ ಉಬ್ಬಿದ ಭಾಗ, ಕರಗಿದ್ದರೆ ಬೆಲೆ ಇಳಿಸಿ ಕೇಳಿ. ಚರ್ಮದ ಬಿಲ್ಲೆ ಪೋಣಿಸಿದ ಹಿಡಿಯನ್ನು ಮೆಲ್ಲಗೆ ತಿರುಗಿಸಿ. ಅಲುಗಾಡಿದರೆ ಚರ್ಮ ಒಣಗಿ ಕುಗ್ಗಿದೆ ಅಂತ ತಿಳಿಯಿರಿ. ಅದರದ್ದೇ ಒರೆ ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಕೊಡಬಹುದು.

ಮನೆಗೆ ತಂದ ಮೇಲೆ ಉಜ್ಜಬೇಡಿ. ನಾನು ನನ್ನ ಮೊದಲ ಚಾಕುವನ್ನು ಡ್ರಿಲ್‌ಗೆ ತಂತಿ ಬ್ರಷ್ ಸಿಕ್ಕಿಸಿ ಉಜ್ಜಿದ್ದೆ. ಕನ್ನಡಿಯಂತೆ ಹೊಳೆಯಿತು, ಅಚ್ಚಿನ ಅಕ್ಷರ ಅರ್ಧ ಮಾಯವಾಯಿತು. ಹಳೆ ಈಳಿಗೆಮಣೆಯ ಅಲಗಿಗೆ ಕೂರುವ ಬೂದು ಬಣ್ಣ ಇದೆಯಲ್ಲ, ಅದು ಇಲ್ಲೂ ಇದ್ದರೆ ಇರಲಿ ಬಿಡಿ. ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒರೆಯಲ್ಲಿ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಂಡು ಅಲಗನ್ನು ತಿನ್ನುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆ ಕಾಲದ ಪ್ಲಾಸ್ಟಿಕ್ ಹಿಡಿಯ ಚಾಕು ಇದ್ದರೆ ಬೇರೆ ಕಡೆ ಇಡಿ. ಅದು ಹಳತಾಗಿ ಕೆಟ್ಟರೆ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಚಾಕುಗಳಿಗೂ ತುಕ್ಕು.

ಊರಿಗೆ ತರುವ ಆಸೆಯಿದ್ದರೆ ಕೇಳಿ. ಚಾಕು ಚೆಕ್-ಇನ್ ಬ್ಯಾಗಿನಲ್ಲೇ ಇರಬೇಕು. ನಮ್ಮ ಶಸ್ತ್ರ ನಿಯಮಗಳ ಕಣ್ಣು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮೇಲಿದೆ. ಬೇಟೆ ಚಾಕುಗಳ ಅಲಗು ಸಾಮಾನ್ಯವಾಗಿ 4ರಿಂದ 6 ಇಂಚು. ಆದರೂ ಕಸ್ಟಮ್ಸ್‌ನವರನ್ನು ಮೊದಲೇ ಕೇಳಿಕೊಳ್ಳಿ. ಕೊಂಬಿನ ಹಿಡಿಯದ್ದನ್ನಂತೂ ಅಲ್ಲೇ ಬಿಟ್ಟು ಬನ್ನಿ. ಅಮೆರಿಕದ ಚಾಕುಗಳಿಗೆ ಎಷ್ಟೋ ದಶಕ ಭಾರತದ ಕಡವೆ ಕೊಂಬೇ ಹೋಗುತ್ತಿತ್ತು. 1990ರ ದಶಕದ ಕೊನೆಗೆ ಆ ರಫ್ತು ನಿಂತಿತು. ಈಗ ಅದೇ ಕೊಂಬು ಚಾಕುವಿನ ಹಿಡಿಯಾಗಿ ವಾಪಸು ಬಂದರೆ ವನ್ಯಜೀವಿ ಕಾಯ್ದೆಯ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ನೀವು.