ಸ್ಟೇರಿಂಗ್ ಇಲ್ಲದೆ ಒಂದು ದಿನ: ಗ್ರೇಟ್ ಓಷನ್ ರೋಡ್‌ನಲ್ಲಿ

29 ವರ್ಷ ಘಾಟಿ ರಸ್ತೆಯಲ್ಲಿ ಸರ್ಕಾರಿ ಬಸ್ ಓಡಿಸಿದ ನನಗೆ, ಬೇರೆಯವರು ಓಡಿಸುವ ಬಸ್ಸಿನಲ್ಲಿ ಸುಮ್ಮನೆ ಕುಳಿತಿರಲು ಬರುವುದಿಲ್ಲ. ತಿರುವು ಬಂದಾಗಲೆಲ್ಲ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಪಕ್ಕದಲ್ಲಿ ಕುಳಿತ ಹೆಂಡತಿ ಅದನ್ನು ನೋಡಿ ಸೆರಗಿನ ಮರೆಯಲ್ಲಿ ನಗುತ್ತಾಳೆ.

ಕಳೆದ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. "ಮಾವ, ಗ್ರೇಟ್ ಓಷನ್ ರೋಡ್‌ಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ" ಎಂದು ಅಳಿಯ ಹೇಳಿದಾಗ ಬೇಡವೆಂದವನು ನಾನೇ. ಸಮುದ್ರದ ಅಂಚಿನಲ್ಲೇ ಸಾಗುವ ಆ ರಸ್ತೆಗೆ ಹೋಗಿ ಬರುವುದಕ್ಕೆ ಸುಮಾರು 500 ಕಿಲೋಮೀಟರ್. ಅದರಲ್ಲಿ ಅರ್ಧದಷ್ಟು ತಿರುವು, ಏರಿಳಿತ. ಸ್ಟೇರಿಂಗ್ ಹಿಡಿದವನು ಸಮುದ್ರ ನೋಡಬಾರದು, ನೋಡಿದರೆ ರಸ್ತೆ ಬಿಡುತ್ತದೆ. ಮನೆಯಲ್ಲಿ ಒಬ್ಬನು ಇಡೀ ದಿನ ಟಾರನ್ನೇ ನೋಡುತ್ತಾ ಉಳಿದವರು ಅಲೆಗಳನ್ನು ನೋಡುವುದು ನನಗೆ ಸರಿ ಕಾಣಲಿಲ್ಲ. ಆ ಕೆಲಸದ ಕಷ್ಟ ನನಗೆ ಗೊತ್ತು. ಮಗಳು ಗೈಡ್ ಸಹಿತದ ಒಂದು ದಿನದ ಬಸ್ ಪ್ರವಾಸವನ್ನು ಕಾಯ್ದಿರಿಸಿದಳು. ತಲೆಗೆ ನೂರಕ್ಕೂ ಹೆಚ್ಚು ಡಾಲರ್. ರೂಪಾಯಿಗೆ ಲೆಕ್ಕ ಹಾಕಬೇಡಿ ಎಂದು ಮೊದಲೇ ತಾಕೀತು ಮಾಡಿದ್ದಳು. ನಾನು ಹಾಕಿದೆ.

ಕಾಯ್ದಿರಿಸುವ ಮೊದಲು ನಾನು ಕೇಳಿಸಿದ್ದು ಎರಡೇ ಪ್ರಶ್ನೆ. ಒಂದು, ಬಸ್ ಎಷ್ಟು ದೊಡ್ಡದು? 24 ಸೀಟಿನದು ಎಂದರು. 50 ಜನರ ಬಸ್ಸಾದರೆ ಪ್ರತಿ ನಿಲುಗಡೆಯಲ್ಲೂ ಇಳಿಯಲು, ಹತ್ತಲು, ಶೌಚಾಲಯದ ಸಾಲಿಗೆ ಎಂದು ಎಷ್ಟು ಹೊತ್ತು ಸೋರಿಹೋಗುತ್ತದೆ ಎಂಬುದನ್ನು ಬಾಗಿಲು ತೆರೆದು ಮುಚ್ಚಿದವರಿಗೆ ಹೇಳಿಕೊಡಬೇಕಾಗಿಲ್ಲ. ಎರಡನೆಯದು, ಯಾವ ದಿಕ್ಕಿನಿಂದ ಹೋಗುತ್ತೀರಿ? ಕೆಲವರು ಜನಸಂದಣಿ ತಪ್ಪಿಸಲು ಒಳನಾಡಿನ ಹೆದ್ದಾರಿಯಲ್ಲಿ ನೇರವಾಗಿ ಕೊನೆಯ ತಾಣಕ್ಕೆ ಹೋಗಿ, ಅಲ್ಲಿಂದ ಕರಾವಳಿ ಹಿಡಿದು ಹಿಂದಿರುಗುತ್ತಾರೆ. ನಾವು ಆರಿಸಿಕೊಂಡದ್ದು ಹಳೆಯ ಕ್ರಮ: ರಸ್ತೆ ಶುರುವಾಗುವ ಟಾರ್ಕಿ ಪಟ್ಟಣದಿಂದ ಪಶ್ಚಿಮಕ್ಕೆ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಗಡೆಯಲ್ಲೇ ವಾಹನ ಓಡಿಸುತ್ತಾರೆ. ಪಶ್ಚಿಮಕ್ಕೆ ಹೋಗುವಾಗ ಸಮುದ್ರವೂ ಎಡಕ್ಕೆ. ಅಂದರೆ ಎಡಬದಿಯ ಕಿಟಕಿಗೂ ನೀರಿಗೂ ನಡುವೆ ಎದುರು ಸಾಲಿನ ವಾಹನಗಳು ಅಡ್ಡ ಬರುವುದಿಲ್ಲ. ಹಿಮ್ಮುಖ ಕ್ರಮದಲ್ಲಿ ಹೋದರೆ ಸಮುದ್ರ ಬಲಕ್ಕೆ ಬರುತ್ತದೆ, ನಡುವೆ ಇನ್ನೊಂದು ಸಾಲು ಇರುತ್ತದೆ.

ಸೀಟಿನ ವಿಷಯಕ್ಕೆ ಬರುತ್ತೇನೆ. ಮುಂದಿನ ಸೀಟಿಗಾಗಿ ಎಲ್ಲರೂ ನುಗ್ಗುತ್ತಾರೆ. ನನ್ನ ಮಾತು ಕೇಳುವುದಾದರೆ, ತಲೆಸುತ್ತು ಬರುವವರು ಎರಡು ಗಾಲಿಗಳ ನಡುವಿನ ಭಾಗದಲ್ಲಿ ಕುಳಿತುಕೊಳ್ಳಿ. ಹಿಂಗಾಲಿಯ ಆಚೆಗೆ ಚಾಚಿಕೊಂಡ ಭಾಗ ತಿರುವಿನಲ್ಲಿ ಬೀಸುತ್ತದೆ, ಗುಂಡಿಯಲ್ಲಿ ಎಗರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತು ವಾಂತಿ ಮಾಡಿಕೊಂಡವರನ್ನು ನನ್ನಷ್ಟು ನೋಡಿದವರು ಕಡಿಮೆ. ನಾವಿಬ್ಬರೂ ಎಡಬದಿಯ ನಾಲ್ಕನೇ ಸಾಲಿನಲ್ಲಿ ಕುಳಿತೆವು, ಕಿಟಕಿ ಹೆಂಡತಿಗೆ. ಸೀಟ್ ಬೆಲ್ಟ್ ಹಾಕಲೇಬೇಕು, ಅದು ಅಲ್ಲಿನ ಕಾನೂನು.

ಬೆಳಿಗ್ಗೆ ಏಳೂವರೆಗೆ ಹೊರಟೆವು. ಚಾಲಕಿ ಐವತ್ತರ ಆಸುಪಾಸಿನ ಹೆಂಗಸು. ಕಂಡಕ್ಟರ್ ಇಲ್ಲ, ಪ್ರತ್ಯೇಕ ಗೈಡ್ ಇಲ್ಲ. ಬಾಯಿಯ ಮುಂದೆ ಸಣ್ಣ ಮೈಕ್ ಸಿಕ್ಕಿಸಿಕೊಂಡು ಓಡಿಸುತ್ತಲೇ ಕಥೆ ಹೇಳುವವರೂ ಅವರೇ. ಮೊದಲು ನನಗೆ ಇದು ಹಿಡಿಸಲಿಲ್ಲ. ನಮ್ಮಲ್ಲಿ ಚಾಲಕನೊಂದಿಗೆ ಮಾತನಾಡಬೇಡಿ ಎಂದು ಬಸ್ಸಿನಲ್ಲೇ ಬರೆದಿರುತ್ತಾರೆ. ಇಲ್ಲಿ ಚಾಲಕಿಯೇ ಎಲ್ಲರೊಂದಿಗೆ ಮಾತನಾಡುತ್ತಿದ್ದಾರೆ! ಆದರೆ ಒಂದು ಗಂಟೆ ಗಮನಿಸಿದ ಮೇಲೆ ಗುಟ್ಟು ಗೊತ್ತಾಯಿತು. ನೇರ ರಸ್ತೆಯಲ್ಲಿ ಮಾತ್ರ ಅವರ ಕಥೆ. ತಿರುವಿನ ಫಲಕ ಕಂಡೊಡನೆ ವಾಕ್ಯದ ನಡುವೆಯೇ ನಿಲ್ಲಿಸುತ್ತಿದ್ದರು. ತಿರುವು ದಾಟಿ ಸ್ಟೇರಿಂಗ್ ನೇರವಾದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಉಳಿದ ಪ್ರಯಾಣಿಕರಿಗೆ ಅದು ಉಸಿರು ತೆಗೆದುಕೊಳ್ಳುವ ವಿರಾಮದಂತೆ ಕೇಳಿಸಿರಬೇಕು.

ಈಸ್ಟರ್ನ್ ವ್ಯೂ ಎಂಬಲ್ಲಿ ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿಗಳ ಕಮಾನು ಇದೆ. ಎಲ್ಲರೂ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಪಕ್ಕದಲ್ಲಿದ್ದ ಕಂಚಿನ ಇಬ್ಬರ ಬಳಿ ನಿಂತೆ. ಗುದ್ದಲಿ ಹಿಡಿದ ಕೂಲಿಗಳು. ಮೊದಲನೆಯ ಮಹಾಯುದ್ಧ ಮುಗಿಸಿ ಬಂದ ಸುಮಾರು 3000 ಸೈನಿಕರು 1919ರಿಂದ 1932ರವರೆಗೆ ಈ ರಸ್ತೆಯನ್ನು ಕಡಿದರು. ಗುದ್ದಲಿ, ಪಿಕಾಸಿ, ಕೈಗಾಡಿ, ಸ್ಫೋಟಕ, ಅಷ್ಟೇ. ಯುದ್ಧದಲ್ಲಿ ಸತ್ತ ಜೊತೆಗಾರರ ನೆನಪಿಗೆ ಎಂದು ಕಟ್ಟಿದ್ದರಿಂದ 240 ಕಿಲೋಮೀಟರಿಗೂ ಉದ್ದದ ಈ ಇಡೀ ರಸ್ತೆಯೇ ಒಂದು ಸ್ಮಾರಕ. ಬೆಟ್ಟದ ಪಕ್ಕೆ ಕೊರೆದು ಮಾಡಿದ ರಸ್ತೆಯ ಮೇಲೆ ಜೀವನ ಕಳೆದವನು ನಾನು. ಅದನ್ನು ಕಡಿದವರ ಮುಖ ನೋಡಿದ್ದು ಅಲ್ಲೇ ಮೊದಲು.

1924ರಲ್ಲಿ ಕೆಸಿನೊ ಎಂಬ ಹಡಗು ಕೇಪ್ ಪ್ಯಾಟನ್ ಬಳಿ ಸಿಕ್ಕಿಹಾಕಿಕೊಂಡು, ಭಾರ ಇಳಿಸಲು ಬಿಯರ್ ಪೀಪಾಯಿಗಳನ್ನು ಸಮುದ್ರಕ್ಕೆ ಎಸೆಯಿತಂತೆ. ದಡಕ್ಕೆ ಬಂದ ಪೀಪಾಯಿಗಳನ್ನು ಆಯ್ದುಕೊಂಡ ಕೂಲಿಗಳು ಎರಡು ವಾರ ಕೆಲಸದ ಕಡೆ ತಲೆ ಹಾಕಲಿಲ್ಲವಂತೆ. ಇದನ್ನು ಹೇಳುವಾಗ ಚಾಲಕಿಯ ದನಿಯಲ್ಲಿ ಬೇರೆಯೇ ಉತ್ಸಾಹವಿತ್ತು. ಬಸ್ಸೆಲ್ಲ ನಕ್ಕಿತು.

ಲಾರ್ನ್ ಪಟ್ಟಣದಲ್ಲಿ ಕಾಫಿಗೆ 20 ನಿಮಿಷ ಕೊಟ್ಟರು. ಇಬ್ಬರು ಯುವಕರು 12 ನಿಮಿಷ ತಡವಾಗಿ ಬಂದರು, ಕೈಯಲ್ಲಿ ಐಸ್‌ಕ್ರೀಮ್. ಚಾಲಕಿ ಒಂದು ಮಾತೂ ಬಯ್ಯಲಿಲ್ಲ. "ಈ 12 ನಿಮಿಷವನ್ನು ಟ್ವೆಲ್ವ್ ಅಪಾಸಲ್ಸ್‌ನ ಸಮಯದಲ್ಲಿ ಕಡಿತ ಮಾಡುತ್ತೇನೆ" ಎಂದಷ್ಟೇ ಮೈಕಿನಲ್ಲಿ ಹೇಳಿದರು. ಸಮುದ್ರದಲ್ಲಿ ನಿಂತ ಬಂಡೆಗಂಬಗಳ ಆ ತಾಣವನ್ನು ನೋಡಲೆಂದೇ ಎಲ್ಲರೂ ಬಂದಿದ್ದು. ಅಷ್ಟೇ ಸಾಕಾಯಿತು, ಉಳಿದ 20 ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಇಂಥ ಪ್ರವಾಸದಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ನಿಮಿಷಗಳನ್ನು. ಸಮುದ್ರ ಪುಕ್ಕಟೆ.

ಲಾರ್ನ್ ದಾಟಿದ ಮೇಲೆ ನಿಜವಾದ ರಸ್ತೆ ಶುರುವಾಗುತ್ತದೆ. ಬಲಕ್ಕೆ ಬಂಡೆ, ಎಡಕ್ಕೆ ತಗ್ಗಿನಲ್ಲಿ ಅಲೆ. ಹೆಂಡತಿ ಕಿಟಕಿಗೆ ಹಣೆ ಒತ್ತಿ ಕುಳಿತಳು. ನಾನು ಚಾಲಕಿಯ ಎಡಗೈಯನ್ನು ನೋಡುತ್ತಿದ್ದೆ. ತಿರುವಿಗೆ ಬಹಳ ಮುಂಚೆಯೇ ರಿಟಾರ್ಡರಿನ (ಬ್ರೇಕ್ ಒತ್ತದೆಯೇ ವೇಗ ಇಳಿಸುವ ಸಾಧನ) ಹಿಡಿಯನ್ನು ಒಂದೊಂದೇ ಹಂತ ಎಳೆದು ವೇಗ ಇಳಿಸುತ್ತಿದ್ದರು. ಬ್ರೇಕ್ ಪೆಡಲ್ ಮುಟ್ಟಿದ್ದು ಅಪರೂಪ. ಒಳಗೆ ನಿಲ್ಲಿಸಿದ ನೀರಿನ ಬಾಟಲಿಯೂ ಉರುಳುತ್ತಿರಲಿಲ್ಲ. ವಿದೇಶಿಯರು ಮರೆಯಬಾರದೆಂದು ಅಲ್ಲಲ್ಲಿ "ಆಸ್ಟ್ರೇಲಿಯಾದಲ್ಲಿ ಎಡಗಡೆ ಚಲಿಸಿ" ಎಂಬ ಫಲಕ ಇದೆ. ಒಂದು ಕಡೆ ಬಾಡಿಗೆ ಕಾರೊಂದು ನಮ್ಮ ಸಾಲಿಗೇ ನುಗ್ಗಿ ಬಂತು. ನನ್ನ ಬಲಗಾಲು ನೆಲ ಒತ್ತಿತು. ಚಾಲಕಿಯ ಎಡಗೈ ಹಿಡಿ ಎಳೆಯಿತು. ಕಾರು ಸರಿದುಹೋಯಿತು.

"ರೀ, ಸಮುದ್ರ ಈ ಕಡೆ ಇದೆ" ಎಂದಳು ಹೆಂಡತಿ.

ಕೆನೆಟ್ ರಿವರ್ ಎಂಬ ಊರಿನಲ್ಲಿ ಕೊಆಲಾ ನೋಡಲು ಇಳಿಸಿದರು. ದಿನಕ್ಕೆ 20 ಗಂಟೆಯವರೆಗೆ ಮಲಗುವ ಪ್ರಾಣಿ. ನಾವು ಕಂಡದ್ದು ಕವಲಿನಲ್ಲಿ ಸಿಕ್ಕಿಸಿಟ್ಟ ಬೂದು ಬಣ್ಣದ ಮೂಟೆಯನ್ನು.

ಅಪೊಲೊ ಬೇಯಲ್ಲಿ ಊಟ. ಅಲ್ಲಿ ಸಮುದ್ರದ ಚಿಪ್ಪುಜೀವಿಯ ಮಾಂಸ ತುಂಬಿ ಬೇಯಿಸಿದ ಪೈ ಪ್ರಸಿದ್ಧ. ನಾವು ಸಸ್ಯಾಹಾರಿಗಳು, ಮಗಳು ಕಟ್ಟಿಕೊಟ್ಟ ಚಪಾತಿ ಪಲ್ಯವನ್ನು ದಡದ ಹುಲ್ಲಿನ ಮೇಲೆ ಬಿಚ್ಚಿದೆವು. ಊಟಕ್ಕೆ ಸಾಲು ನಿಲ್ಲದೆ ಉಳಿದ 30 ನಿಮಿಷ ಮರಳಿನಲ್ಲಿ ನಡೆಯಲು ಸಿಕ್ಕಿತು. ಬುತ್ತಿ ಕಟ್ಟಿಕೊಂಡು ಹೋಗಿ ಎಂದು ನಾನು ಹೇಳುವುದು ಉಳಿತಾಯಕ್ಕಲ್ಲ, ಆ 30 ನಿಮಿಷಕ್ಕೆ.

ಊಟ ಮುಗಿಸಿ ಹಿಂದಿರುಗುವಾಗ ಚಾಲಕಿ ಬಸ್ಸಿನ ಮೆಟ್ಟಿಲಲ್ಲಿ ಕುಳಿತು ಉದ್ದನೆಯ ಪುಸ್ತಕವೊಂದರಲ್ಲಿ ಗೆರೆ ಎಳೆಯುತ್ತಿದ್ದರು. ನನ್ನ ಅರೆಬರೆ ಇಂಗ್ಲಿಷಿನಲ್ಲಿ, ನಾನೂ ಘಾಟಿಯಲ್ಲಿ ಬಸ್ ಚಾಲಕನಾಗಿದ್ದೆ ಎಂದೆ. ಅವರ ಮುಖ ಅರಳಿತು. ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಅದು ಕೆಲಸದ ದಿನಚರಿ: ಎಷ್ಟು ಹೊತ್ತಿಗೆ ಹೊರಟರು, ಎಲ್ಲಿ ವಿರಾಮ, ಎಷ್ಟು ನಿಮಿಷ ಎಂಬುದೆಲ್ಲ ಗೆರೆಗಳಲ್ಲಿ. ಸಾಮಾನ್ಯ ನಿಯಮದ ಪ್ರಕಾರ 24 ಗಂಟೆಯಲ್ಲಿ 12 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಸೂರ್ಯಾಸ್ತ ನೋಡಿಕೊಂಡು ಹೋಗೋಣ ಎಂದು ಪ್ರಯಾಣಿಕರು ಎಷ್ಟು ಗೋಗರೆದರೂ ಅವರು ಒಪ್ಪದಿರುವುದು ಈ ಪುಟದಿಂದಾಗಿ. ಘಾಟಿ ಎಷ್ಟು ಉದ್ದ ಎಂದು ಕೇಳಿದರು. ಮೊಬೈಲಿನಲ್ಲಿದ್ದ ಹಳೆಯ ಫೋಟೊ ತೋರಿಸಿದೆ: ಮಳೆ, ಮಂಜು, ನನ್ನ ಕೆಂಪು ಬಸ್ಸು. ಅದನ್ನು ಹಿಗ್ಗಿಸಿ ನೋಡಿ, "ಕನ್ನಡಿ ಎಷ್ಟು ಚಿಕ್ಕದು!" ಎಂದರು. ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ.

ಆಮೇಲೆ ಸಮುದ್ರ ಬಿಟ್ಟು ಆಟ್ವೇ ಕಾಡು. ಮೇಟ್ಸ್ ರೆಸ್ಟ್‌ನಲ್ಲಿ ಹಲಗೆ ಹಾಸಿದ ಪುಟ್ಟ ಕಾಲುದಾರಿ, ಮರದೆತ್ತರದ ಜರೀಗಿಡಗಳು. ಈ ಕಾಡಿನ ಮೌಂಟನ್ ಆ್ಯಶ್ ಎಂಬ ನೀಲಗಿರಿ ಜಾತಿ ಹೂ ಬಿಡುವ ಮರಗಳಲ್ಲಿ ಜಗತ್ತಿನ ಅತಿ ಎತ್ತರದವುಗಳಲ್ಲಿ ಒಂದು. ನಮ್ಮ ಕಡೆ ನೀರು ಹೀರುವ ಮರ ಎಂದು ಬಯ್ಯುವ ನೀಲಗಿರಿಗೆ ಹುಟ್ಟೂರಿನಲ್ಲಿ ಎಷ್ಟು ಮರ್ಯಾದೆ!

ಟ್ವೆಲ್ವ್ ಅಪಾಸಲ್ಸ್ ತಲುಪಿದಾಗ ಮೂರೂವರೆ. ನಮಗೆ ಸಿಗಬೇಕಿದ್ದದ್ದು 50 ನಿಮಿಷ, ಐಸ್‌ಕ್ರೀಮ್ ಕಳೆದು 38. ಬಸ್ ನಿಲ್ಲುವುದು ರಸ್ತೆಯ ಒಳಬದಿಯಲ್ಲಿ. ರಸ್ತೆಯ ಅಡಿಯ ಸುರಂಗದಾರಿಯಲ್ಲಿ ದಾಟಿ ಸಮುದ್ರದ ಕಡೆಗೆ ನಡೆಯಬೇಕು. ಹೆಚ್ಚಿನವರು ಮೊದಲ ಕಟ್ಟೆಯಲ್ಲೇ ನಿಂತು ಫೋಟೊಗೆ ಸಾಲು ಹಚ್ಚುತ್ತಾರೆ. ನಾವು ಎಲ್ಲಿಯೂ ನಿಲ್ಲದೆ ನೇರವಾಗಿ ಕೊನೆಯ ಕಟ್ಟೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ನೋಡುತ್ತಾ ಬಂದೆವು. ಹೀಗೆ ಮಾಡಿದರೆ ಬಸ್ಸಿನ ಕಡೆಗೆ ಬರುತ್ತಲೇ ಇರುತ್ತೀರಿ, ಗಡಿಯಾರದ ಆತಂಕ ಇರುವುದಿಲ್ಲ. ಮಧ್ಯಾಹ್ನದ ಮೇಲೆ ಹೋದರೆ ಪಶ್ಚಿಮದ ಕಂಬಗಳು ಬಿಸಿಲಿಗೆ ಬೆನ್ನು ಕೊಟ್ಟು ಕಪ್ಪಾಗಿ ಕಾಣುತ್ತವೆ. ಪೂರ್ವಕ್ಕೆ ತಿರುಗಿದರೆ ಬಂಡೆಗಳು ಬೆಲ್ಲದ ಬಣ್ಣ.

ಹೆಸರಿಗೆ 12, ಎಂದೂ ಅಷ್ಟಿರಲಿಲ್ಲ. ಮೊದಲು ಇವನ್ನು "ಹಂದಿ ಮತ್ತು ಮರಿಗಳು" ಎಂದು ಕರೆಯುತ್ತಿದ್ದರಂತೆ. ಸುಣ್ಣದಕಲ್ಲಿನ ಒಂಬತ್ತು ಕಂಬಗಳಿದ್ದವು. 2005ರ ಜುಲೈ 3ರಂದು ಒಂದು ಕುಸಿದು ಎಂಟು ಉಳಿದಿವೆ. ಅಲೆ ಮೊದಲು ಬಂಡೆಗೆ ಗುಹೆ ಕೊರೆಯುತ್ತದೆ, ಗುಹೆ ಆಚೆಗೆ ತೂತಾಗಿ ಕಮಾನಾಗುತ್ತದೆ, ಕಮಾನಿನ ಬೆನ್ನು ಮುರಿದರೆ ಕಂಬ ಒಂಟಿ. ದಕ್ಷಿಣದಿಂದ ಬೀಸುವ ಗಾಳಿಗೆ ನನ್ನ ಟೋಪಿ ಹಾರಿ ಕಟಕಟೆಯ ಆಚೆ ಬಿತ್ತು. ಅಲ್ಲಿಯೇ ಇರಲಿ ಎಂದು ಬಿಟ್ಟೆ. ನವೆಂಬರ್ ಅಲ್ಲಿ ವಸಂತಕಾಲ ಎಂದು ನಂಬಿ ತೆಳು ಅಂಗಿಯಲ್ಲಿ ಹೋಗಬೇಡಿ. ಅಂಟಾರ್ಕ್ಟಿಕಾಕ್ಕೂ ಆ ಕಟ್ಟೆಗೂ ನಡುವೆ ನೀರಿನ ಹೊರತು ಏನೂ ಇಲ್ಲ.

ಹೆಲಿಕಾಪ್ಟರ್ ಸುತ್ತಾಟಕ್ಕೆ ಪ್ರತ್ಯೇಕ ಹಣ. ಹೋದವರಿಗೆ ಕೆಳಗೆ ನಿಂತು ನೋಡಲು ಹೊತ್ತು ಸಾಲಲಿಲ್ಲ. ಕಡಲತೀರಕ್ಕೆ ಇಳಿಯುವ ಗಿಬ್ಸನ್ ಸ್ಟೆಪ್ಸ್‌ನ 86 ಮೆಟ್ಟಿಲುಗಳನ್ನು ನಾವು ಬಿಟ್ಟೆವು. ಹೆಂಡತಿಯ ಮೊಣಕಾಲು ಇಳಿಯಲು ಒಪ್ಪೀತು, ಹತ್ತಲು ಒಪ್ಪದು.

ಕೊನೆಯ ನಿಲುಗಡೆ ಲಾಕ್ ಆರ್ಡ್ ಕೊರಕಲು. ನನ್ನನ್ನು ಕೇಳಿದರೆ ದಿನದ ಸಾರವೆಲ್ಲ ಇಲ್ಲೇ. 1878ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ಹೊರಟ ಲಾಕ್ ಆರ್ಡ್ ಎಂಬ ಹಾಯಿಹಡಗು ಮೂರು ತಿಂಗಳು ಸಾಗಿ, ಮೆಲ್ಬರ್ನ್ ಹತ್ತಿರವಾಗುತ್ತಿದ್ದಾಗ, ಜೂನ್ 1ರ ನಸುಕಿನ ಮಂಜಿನಲ್ಲಿ ಇಲ್ಲಿನ ಬಂಡೆಗೆ ಬಡಿಯಿತು. 54 ಜನರಲ್ಲಿ ಉಳಿದವರು ಇಬ್ಬರು. ಹಡಗಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಟಾಮ್ ಪಿಯರ್ಸ್, ಪ್ರಯಾಣಿಕಳಾದ ಇವಾ ಕಾರ್ಮೈಕಲ್. ದಡ ಸೇರಿದ್ದ ಟಾಮ್ ನೀರಿನಲ್ಲಿ ಅವಳ ಕೂಗು ಕೇಳಿ ಮತ್ತೆ ಈಜಿ ಹೋಗಿ ಎಳೆದು ತಂದ. ತೇಲಿ ಬಂದ ಬ್ರಾಂದಿ ಕುಡಿಸಿದ, ಗುಹೆಯಲ್ಲಿ ಮಲಗಿಸಿದ, ಬಂಡೆ ಹತ್ತಿ ಜನರನ್ನು ಕರೆತಂದ.

ಮೇಲೆ ನಿಂತು ಕೆಳಗಿನ ಆ ಮರಳನ್ನು ನೋಡುತ್ತಲೇ ನಾನು ಇದನ್ನು ಹೆಂಡತಿಗೆ ಕನ್ನಡದಲ್ಲಿ ಹೇಳಿದೆ. ಮೂರು ಕಡೆ ಗೋಡೆಯಂಥ ಬಂಡೆ, ನಡುವೆ ಕಿರಿದಾದ ಬಾಯಿ, ಅದರೊಳಗೆ ನುಗ್ಗುವ ನೀರು ದಡಕ್ಕೆ ಬರುವಷ್ಟರಲ್ಲಿ ಸಾಧುವಾಗಿರುತ್ತದೆ. ಅವಳು ಕೇಳಿದ್ದು ಒಂದೇ:

"ಮದುವೆಯಾದರಾ?"

"ಇಲ್ಲ. ಊರೆಲ್ಲ ಆಗಲಿ ಎಂದಿತಂತೆ. ಅವಳು ಐರ್ಲೆಂಡಿಗೆ ಹೋದಳು."

"ಒಳ್ಳೆಯದೇ ಆಯಿತು ಬಿಡಿ. ಜೀವನವಿಡೀ ಉಪಕಾರ ಎಂದುಕೊಂಡು ಇರಬೇಕಾಗುತ್ತಿತ್ತು."

ಪಕ್ಕದಲ್ಲೇ ಇದ್ದ ಬಂಡೆಯ ಕಮಾನೊಂದು 2009ರಲ್ಲಿ ಕುಸಿದಾಗ ಎರಡು ಕಂಬ ಉಳಿದವು. ಅವಕ್ಕೆ ಟಾಮ್, ಇವಾ ಎಂದೇ ಹೆಸರು. ನಡುವೆ ನೀರು.

ಮರಳುವ ದಾರಿ ಕೊಲಾಕ್ ಮೇಲೆ, ಒಳನಾಡಿನಲ್ಲಿ. ಹುಲ್ಲುಗಾವಲು, ದನ, ನೇರ ರಸ್ತೆ. ಮೂರು ಗಂಟೆ. ನೋಡಲು ಏನೂ ಇಲ್ಲ ಎಂದು ಬೇಸರಿಸಬೇಡಿ, ನಿದ್ದೆ ಮಾಡಿ. ಎಲ್ಲರೂ ಮಾಡಿದರು. ಚಾಲಕಿ ಮೈಕ್ ತೆಗೆದಿಟ್ಟರು. ಆಮೇಲೆ ಇಡೀ ಬಸ್ಸಿನಲ್ಲಿ ಎಚ್ಚರವಿದ್ದವರು ಇಬ್ಬರೇ. ಒಮ್ಮೆ ಒಳಗಿನ ಕನ್ನಡಿಯಲ್ಲಿ ನನ್ನನ್ನು ಕಂಡು ಹುಬ್ಬು ಏರಿಸಿದರು, ಮಲಗಲಿಲ್ಲವೇ ಎಂಬಂತೆ. ನಾನು ತಲೆಯಾಡಿಸಿದೆ.

ಇಳಿಯುವಾಗ ಕೈಕುಲುಕಿ ಥ್ಯಾಂಕ್ಸ್ ಹೇಳಿದೆ. ರಾತ್ರಿ ಮಗಳ ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಬಲಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಎಡಗಾಲಿಗೆ ಏನೂ ಆಗಿರಲಿಲ್ಲ.