ಲಿನಕ್ಸ್ ಕಂಪ್ಯೂಟರ್ ಹ್ಯಾಂಗ್ ಆದಾಗ ಆರು ಕೀಲಿಗಳನ್ನು ಒತ್ತುವ ಕ್ರಮ

ಲಿನಕ್ಸ್ ಕಂಪ್ಯೂಟರ್ ಹ್ಯಾಂಗ್ ಆದೊಡನೆ ಪವರ್ ಬಟನ್ ಅದುಮಿ ಹಿಡಿಯುವವರನ್ನೂ, ಎಲ್ಲೋ ಓದಿದ ಆರು ಅಕ್ಷರಗಳನ್ನು ಒಂದೇ ಉಸಿರಿಗೆ ಒತ್ತಿಬಿಡುವವರನ್ನೂ ಸಾಕಷ್ಟು ನೋಡಿದ್ದೇನೆ. ಕಂಪ್ಯೂಟರನ್ನು ಜೋಪಾನವಾಗಿ ರೀಸ್ಟಾರ್ಟ್ ಮಾಡಿಸುವ ಆ ಅಕ್ಷರಗಳು ಆರ್, ಇ, ಐ, ಎಸ್, ಯು, ಬಿ. ಅವುಗಳ ನಡುವೆ ಕಾಯುವುದೇ ಇಲ್ಲಿ ಮುಖ್ಯವಾದ ಕೆಲಸ.

ಮೊದಲ ಹಂತವನ್ನು ಕಂಪ್ಯೂಟರ್ ಚೆನ್ನಾಗಿರುವಾಗಲೇ ಮುಗಿಸಿಡಬೇಕು. ಯಾವ ಕೀಲಿ ನಡೆಯಬೇಕೆಂಬುದನ್ನು ಲಿನಕ್ಸಿನ ತಿರುಳಾದ ಕರ್ನೆಲ್‌ನ ‘ಸಿಸ್‌ಆರ್‌ಕ್ಯು’ ಎಂಬ ಸಂಖ್ಯೆ ನಿರ್ಧರಿಸುತ್ತದೆ. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಿ ಅದು ಸಾಮಾನ್ಯವಾಗಿ 176, ಅಂದರೆ ಎಸ್‌ನ 16, ಯುನ 32 ಮತ್ತು ಬಿಯ 128ರ ಮೊತ್ತ. ಆದ್ದರಿಂದ ಎಸ್, ಯು, ಬಿ ಮಾತ್ರ ಕೆಲಸ ಮಾಡುತ್ತವೆ. ಆರ್‌ಗಾಗಿ 4ನ್ನೂ, ಇ ಮತ್ತು ಐಗಾಗಿ 64ನ್ನೂ ಕೂಡಿಸಿ ಆ ಸಂಖ್ಯೆಯನ್ನು 244ಕ್ಕೆ ಬದಲಿಸಿಡಿ. ಎಲ್ಲವನ್ನೂ ತೆರೆದಿಡುವ 1 ಎಂಬ ಅಡ್ಡದಾರಿ ಬೇಡವೇ ಬೇಡ. ಹಲವರು ಬಳಸುವ ಕಚೇರಿಯ ಕಂಪ್ಯೂಟರಿನಲ್ಲಿ 176ನ್ನೇ ಉಳಿಸಿ. 64 ಸೇರಿದರೆ ಎದುರು ಕುಳಿತ ಯಾರು ಬೇಕಾದರೂ ಪ್ರೋಗ್ರಾಮುಗಳನ್ನು ಕೊಲ್ಲಬಹುದು.

ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಅಕ್ಷರಗಳನ್ನು ಒಂದೊಂದಾಗಿ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯೂ ಬೇಕಾಗುತ್ತದೆ. ಕನ್ನಡ ಕೀಲಿವಿನ್ಯಾಸ ಆಯ್ದುಕೊಂಡಿದ್ದರೂ ಚಿಂತೆಯಿಲ್ಲ, ಕರ್ನೆಲ್ ಇಂಗ್ಲಿಷ್ ಅಕ್ಷರದ ಜಾಗವನ್ನೇ ನೋಡುತ್ತದೆ. ಪ್ರಿಂಟ್ ಸ್ಕ್ರೀನ್ ಕೀಲಿಯನ್ನೇ ಕೈಬಿಟ್ಟ ಅಗ್ಗದ ಕೀಬೋರ್ಡುಗಳನ್ನು ಕೊಳ್ಳಬೇಡಿ.

ಕೀಬೋರ್ಡಿನ ಹಿಡಿತವನ್ನು ಕರ್ನೆಲ್‌ಗೆ ಮರಳಿಸುವ ಆರ್ ಒತ್ತಿದ ಮೇಲೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ನೋಡಿ. ಅಕ್ಷರಗಳ ಕಪ್ಪು ಪರದೆ ಬಂದರೆ ಅಲ್ಲಿಂದಲೇ ತೊಂದರೆ ಕೊಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಬಹುದು, ಮುಂದಿನ ಕೀಲಿಗಳು ಬೇಕಾಗುವುದಿಲ್ಲ. ಬಾರದಿದ್ದರೆ ಇ ಒತ್ತಿ, ಕನಿಷ್ಠ ಹದಿನೈದು ಸೆಕೆಂಡು ಕಾಯಿರಿ. ಕೆಲಸ ಮುಗಿಸಿ ಹೊರಡಿ ಎಂಬ ಸೂಚನೆ ಎಲ್ಲ ಪ್ರೋಗ್ರಾಮುಗಳಿಗೂ ಹೋಗಿರುತ್ತದೆ, ಡೇಟಾಬೇಸಿನಂಥವಕ್ಕೆ ಲೆಕ್ಕ ಚುಕ್ತಾ ಮಾಡಲು ಅಷ್ಟು ಹೊತ್ತು ಬೇಕು. ಐ ಉಳಿದವನ್ನು ಬಲವಂತವಾಗಿ ಮುಗಿಸುತ್ತದೆ.

ಜನ ಎಡವುವುದು ಬರೆಯಲು ಬಾಕಿಯಿರುವುದನ್ನು ಡಿಸ್ಕಿಗೆ ಬರೆಸುವ ಎಸ್‌ನಲ್ಲಿ. ನನ್ನೆದುರೇ ಒಬ್ಬ ವಿದ್ಯಾರ್ಥಿ ಎಸ್ ಒತ್ತಿ, ಪೆನ್‌ಡ್ರೈವಿನ ದೀಪ ಇನ್ನೂ ಮಿನುಗುತ್ತಿರುವಾಗಲೇ ಬಿ ಒತ್ತಿದ. ನಕಲು ಮುಗಿಯಿತೆಂದು ಪರದೆ ಹೇಳಿದ್ದರೂ, ಮೆಮೊರಿಯಲ್ಲಿದ್ದ ಭಾಗವನ್ನು ಪೆನ್‌ಡ್ರೈವಿಗೆ ಬರೆಯುವುದು ಬಾಕಿಯಿತ್ತು. ಅವನ ಪ್ರಾಜೆಕ್ಟ್ ವರದಿ ಮತ್ತೆ ತೆರೆಯಲೇ ಇಲ್ಲ. ದೀಪ ನಿಲ್ಲುವ ತನಕ, ಕಪ್ಪು ಪರದೆಯಿದ್ದರೆ ‘ಎಮರ್ಜೆನ್ಸಿ ಸಿಂಕ್ ಕಂಪ್ಲೀಟ್’ ಎಂದು ಮೂಡುವ ತನಕ, ಬೆರಳನ್ನು ತಡೆಯಿರಿ. ನೀವು ಸೇವ್ ಮಾಡದ ಕಡತವನ್ನು ಎಸ್ ಉಳಿಸುವುದಿಲ್ಲ ಎಂಬುದೂ ನೆನಪಿರಲಿ.

ಯು ಕೀಲಿ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ. ಅದಕ್ಕೂ ಹತ್ತು ಸೆಕೆಂಡು ಕೊಡಿ. ಬಿ ಯಾವುದನ್ನೂ ಕಾಯದೆ ತಕ್ಷಣ ರೀಸ್ಟಾರ್ಟ್ ಮಾಡುತ್ತದೆ. ಆರೂ ಕೀಲಿಗಳಿಗೆ ಪ್ರತಿಕ್ರಿಯೆಯೇ ಇಲ್ಲದಿದ್ದರೆ ಕರ್ನೆಲ್ಲೇ ನಿಂತಿದೆ ಎಂದು ತಿಳಿಯಬೇಕು. ಪವರ್ ಬಟನ್ ಮುಟ್ಟಬೇಕಾದದ್ದು ಆಗ.