ಭಾಷಣವೂ ನಡೆಯಿತು, ಪ್ರತಿಭಟನೆಯೂ ನಡೆಯಿತು: ನನ್ನ ಅನುಭವ

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ವಿಶೇಷ ಉಪನ್ಯಾಸಗಳ ಜವಾಬ್ದಾರಿಯೂ ನನ್ನದೇ. ಅತಿಥಿಗಳನ್ನು ಕರೆಯೋದು, ಹಾಲ್ ಗೊತ್ತು ಮಾಡೋದು, ಬ್ಯಾನರ್ ಬರೆಸೋದು, ಹಾರ, ಶಾಲು, ಊಟ ಎಲ್ಲವೂ ನನ್ನ ತಲೆ ಮೇಲೆ. ವಿದ್ಯಾರ್ಥಿಗಳಿಗೆ ಸಿಟ್ಟು ಬರಿಸಿದ ಅತಿಥಿಯೊಬ್ಬರನ್ನು ಕರೆದಾಗ ನಾವು ಏನು ಮಾಡಿದೆವು ಅಂತ ಹರಿಹರ, ಚಿತ್ರದುರ್ಗದ ಕಾಲೇಜುಗಳಿಂದ ಸಹೋದ್ಯೋಗಿಗಳು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಒಮ್ಮೆಲೇ ಹೇಳಿದ ಹಾಗಾಗುತ್ತೆ ಅಂತ ಬರೆಯುತ್ತಿದ್ದೇನೆ.

ವಿಷಯ ಇದ್ದದ್ದು ಶೇ 10 ಮೀಸಲಾತಿ. 2019ರಲ್ಲಿ ಸಂವಿಧಾನದ 103ನೇ ತಿದ್ದುಪಡಿಯಿಂದ, ಬೇರೆ ಮೀಸಲಾತಿ ಇಲ್ಲದ ಆರ್ಥಿಕವಾಗಿ ಹಿಂದುಳಿದವರಿಗೆ ಕೊಟ್ಟದ್ದು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅದನ್ನು 3:2 ಬಹುಮತದಲ್ಲಿ ಎತ್ತಿಹಿಡಿಯಿತು. ಸಿಲೆಬಸ್‌ಗೆ ನೇರವಾಗಿ ಸೇರಿದ ವಿಷಯ. ಪರವಾಗಿ ಒಬ್ಬರು, ವಿರುದ್ಧವಾಗಿ ಒಬ್ಬರು, ಬೇರೆ ಬೇರೆ ದಿನ ಮಾತಾಡಲಿ ಅಂತ ಇಟ್ಟಿದ್ದೆವು. ಮೊದಲು ಬರಬೇಕಿದ್ದವರು ಪರವಾಗಿ ಮಾತಾಡುವವರು. ಹೆಸರು ಹೇಳಲ್ಲ. ಅವರು ಬರೋದು ಗೊತ್ತಾದ ಕೂಡಲೇ ಬೇರೆ ಊರಲ್ಲಿ ಅವರಾಡಿದ ಮಾತಿನ ಒಂದು ತುಣುಕು ವಾಟ್ಸಾಪ್‌ನಲ್ಲಿ ಓಡಾಡತೊಡಗಿತು. ಹಾಸ್ಟೆಲ್‌ನಲ್ಲಿ ಪುಕ್ಕಟೆ ಊಟ ಮಾಡಿ ಓದುವವರಿಗೆ ಓದಿನ ಬೆಲೆ ಗೊತ್ತಿರಲ್ಲ ಅನ್ನೋ ಅರ್ಥದ ಮಾತು.

ನನ್ನ ತರಗತಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಬಿಸಿಎಂ ಹಾಸ್ಟೆಲ್ ಮಕ್ಕಳು ತುಂಬಾ ಜನ ಇದ್ದಾರೆ. ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳವರು. ಅವರಿಗೆ ಹೇಗಾಗಿರಬೇಡ? ಸ್ಟಾಫ್ ರೂಮಿಗೆ ಗುಂಪಾಗಿ ಬಂದರು. "ಮೇಡಂ, ಅವರನ್ನ ಕರೀಬೇಡಿ. ಕರೆದರೆ ಮಾತಾಡೋಕೆ ಬಿಡಲ್ಲ" ಅಂದರು. ಅದೇ ದಿನ ಸಂಜೆ ಇನ್ನೊಂದು ಗುಂಪು ಬಂತು. "ಕ್ಯಾನ್ಸಲ್ ಮಾಡಿದರೆ ನಾವು ಗೇಟ್ ಮುಂದೆ ಕೂರ್ತೀವಿ" ಅಂತ ಇವರು. ಇದರ ಮಧ್ಯೆ ಆಡಳಿತ ಮಂಡಳಿ ಕಡೆಯಿಂದ ಒಂದು ಫೋನ್: "ಸುಮ್ನೆ ಯಾಕೆ ರಿಸ್ಕ್ ಮೇಡಂ, ಅತಿಥಿಗಳಿಗೆ ಹುಷಾರಿಲ್ಲ ಅಂತ ಹೇಳಿ ಮುಂದಕ್ಕೆ ಹಾಕಿಬಿಡಿ."

ಆ ಸುಳ್ಳು ನನಗೆ ಬೇಡವಾಗಿತ್ತು. ಮುಂದಕ್ಕೆ ಹಾಕಿದರೆ ಗಲಾಟೆ ತಪ್ಪುತ್ತೆ ಅನ್ನೋದೂ ನಿಜವಲ್ಲ. 2017ರ ಫೆಬ್ರುವರಿಯಲ್ಲಿ ದೆಹಲಿಯ ರಾಮಜಸ್ ಕಾಲೇಜಿನಲ್ಲಿ ಏನಾಯಿತು ನೆನಪಿದೆಯಾ? ವಿಚಾರ ಸಂಕಿರಣಕ್ಕೆ ಜೆಎನ್‌ಯು ವಿದ್ಯಾರ್ಥಿ ಉಮರ್ ಖಾಲಿದ್ ಅವರನ್ನು ಕರೆದದ್ದಕ್ಕೆ ವಿರೋಧ ಬಂತು, ಆಹ್ವಾನ ವಾಪಸ್ ತೆಗೆದುಕೊಂಡರು, ಆದರೂ ಮರುದಿನ ವಿದ್ಯಾರ್ಥಿಗಳ ಗುಂಪುಗಳ ಮಧ್ಯೆ ಹೊಡೆದಾಟ ಆಯಿತು. ಕಾನೂನಿನ ಮಾತೂ ಇದೆ. 1989ರ ಎಸ್. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಮೆರವಣಿಗೆ ಮಾಡ್ತೀವಿ, ಹಿಂಸೆ ಆಗುತ್ತೆ ಅನ್ನೋ ಬೆದರಿಕೆಗೆ ಹೆದರಿ ಅಭಿವ್ಯಕ್ತಿಯನ್ನು ತಡೆಯುವಂತಿಲ್ಲ. ಅದೇ ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕಿನ ಪಕ್ಕದಲ್ಲೇ, ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನೂ ಕೊಟ್ಟಿದೆ. ಇದನ್ನು ವರ್ಷಾ ವರ್ಷ ಬೋರ್ಡ್ ಮೇಲೆ ಬರೆದು ಪಾಠ ಮಾಡುವವಳು ನಾನು. ಹಾಲ್‌ನ ಒಳಗೆ ಒಂದು ಹಕ್ಕು, ಹಾಲ್‌ನ ಬಾಗಿಲಲ್ಲಿ ಇನ್ನೊಂದು ಹಕ್ಕು, ಎರಡಕ್ಕೂ ಜಾಗ ಮಾಡಿಕೊಡೋದೇ ನನ್ನ ಕೆಲಸ ಅಂತ ಪ್ರಾಂಶುಪಾಲರಿಗೆ ಹೇಳಿದೆ. ಅವರು ಒಪ್ಪಿದರು. ಅವರು ಒಪ್ಪದಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ.

ಮೊದಲು ವಿದ್ಯಾರ್ಥಿಗಳ ಜೊತೆ ಕೂತೆ. ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತು ದಶಕಗಳೇ ಆದವು, ಹಾಗಾಗಿ ಯಾರ ಜೊತೆ ಮಾತಾಡಬೇಕು ಅನ್ನೋದೇ ಕಷ್ಟ. ಎಲ್ಲರ ಪರವಾಗಿ ಮಾತಾಡುವ ಒಬ್ಬ ನಾಯಕ ಇಲ್ಲ. ಹಾಗಾಗಿ ಬರುವವರೆಲ್ಲ ಬನ್ನಿ ಅಂದೆ. ಭೂಗೋಳ ವಿಭಾಗದ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟುಕೊಂಡು ಕೂತೆವು. ಮೊದಲ ಅರ್ಧ ಗಂಟೆ ಬರೀ ಸಿಟ್ಟು. ನಾನು ಕೇಳಿಸಿಕೊಂಡೆ. ಆಮೇಲೆ ಕೇಳಿದೆ: "ಅವರು ಬಂದೇ ಬರ್ತಾರೆ ಅಂತ ಇಟ್ಟುಕೊಳ್ರಿ. ಅವರಿಗೆ ಏನು ಕಾಣಬೇಕು, ಏನು ಕೇಳಿಸಬೇಕು?"

ಈ ಪ್ರಶ್ನೆಯಿಂದ ಮಾತಿನ ದಿಕ್ಕು ಬದಲಾಯಿತು. ಕಪ್ಪು ಪಟ್ಟಿ ಕಾಣಬೇಕು. ಫಲಕ ಕಾಣಬೇಕು. ಕಾರಿಂದ ಇಳಿಯುವಾಗ ಘೋಷಣೆ ಕೇಳಿಸಬೇಕು. ಒಳಗೆ ಪ್ರಶ್ನೆ ಕೇಳೋಕೆ ಮೈಕ್ ಬೇಕು, ಚೀಟಿ ಬರೆದುಕೊಡಿ ಅನ್ನಬಾರದು. ಹೀಗೆ ಒಂದೊಂದಾಗಿ ಬಂತು. ಎಲ್ಲದಕ್ಕೂ ಆಯ್ತು ಅಂದೆ. ನಾನು ಕೇಳಿದ್ದು ಒಂದೇ, ಒಳಗೆ ಅತಿಥಿಯ ಮಾತು ಬೇರೆಯವರಿಗೆ ಕೇಳಿಸದ ಹಾಗೆ ಮಾಡಬಾರದು. ಶಿಕಾಗೋ ವಿಶ್ವವಿದ್ಯಾಲಯದ ಸಮಿತಿ 2015ರಲ್ಲಿ ಕೊಟ್ಟ ವರದಿಯಲ್ಲಿರುವುದೂ ಇದೇ ಗೆರೆ: ಅತಿಥಿಯನ್ನು ಟೀಕಿಸಿ, ವಿರೋಧಿಸಿ, ಆದರೆ ಅವರು ಮಾತಾಡೋದನ್ನು ತಡೆಯಬೇಡಿ.

ಇದನ್ನೆಲ್ಲ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದೆವು. ಏನು ಮಾಡಬಹುದು ಅನ್ನೋದು ಮೇಲೆ, ಏನು ಮಾಡಬಾರದು ಅನ್ನೋದು ಕೆಳಗೆ. ಅಡ್ಡಿ ಮಾಡಿದರೆ ಮೂರು ಸಲ ಹೇಳುತ್ತೇವೆ, ಆಮೇಲೂ ನಿಲ್ಲಿಸದಿದ್ದರೆ ಹೊರಗೆ ಹೋಗಲು ಹೇಳುತ್ತೇವೆ, ವಸ್ತು ಹಾಳು ಮಾಡಿದರೆ ಅದರ ಖರ್ಚು ಕೊಡಬೇಕು. ಅಷ್ಟೇ. ನಿಯಮವನ್ನು ಗಲಾಟೆ ಆದ ಮೇಲೆ ಬರೆದರೆ ಅದು ಸೇಡು ತೀರಿಸಿಕೊಂಡ ಹಾಗೆ ಕಾಣುತ್ತೆ. ಅಮೆರಿಕದ ಮಿಡಲ್‌ಬರಿ ಕಾಲೇಜಿನಲ್ಲಿ 2017ರ ಮಾರ್ಚ್ 2ರಂದು ವಿವಾದಿತ ಲೇಖಕ ಚಾರ್ಲ್ಸ್ ಮರ್ರೆ ಭಾಷಣವನ್ನು ವಿದ್ಯಾರ್ಥಿಗಳು ಕೂಗಿ ನಿಲ್ಲಿಸಿದರು. ಹೊರಗೆ ಬರುವಾಗಿನ ನೂಕಾಟದಲ್ಲಿ ಸಂವಾದ ನಡೆಸುತ್ತಿದ್ದ ಪ್ರಾಧ್ಯಾಪಕಿ ಆಲಿಸನ್ ಸ್ಟ್ಯಾಂಗರ್ ಅವರಿಗೆ ಪೆಟ್ಟಾಯಿತು. ಆಮೇಲೆ 70ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಶಿಸ್ತುಕ್ರಮ. ಸಂವಾದ ನಡೆಸುವ ಕುರ್ಚಿಯಲ್ಲಿ ಕೂರುವವಳು ನಾನು, ಆ ಸುದ್ದಿಯನ್ನು ಮರೆಯೋಕಾಗುತ್ತಾ?

ಇನ್ನು ಅತಿಥಿಗಳು. ಫೋನಿನಲ್ಲಿ ಎಲ್ಲ ಬಿಚ್ಚಿ ಹೇಳಿದೆ. ಮಕ್ಕಳಿಗೆ ಸಿಟ್ಟಿದೆ, ಯಾವ ಮಾತಿಗೆ ಸಿಟ್ಟಿದೆ, ಬಾಗಿಲಲ್ಲಿ ಘೋಷಣೆ ಇರುತ್ತೆ, ನಿಮಗೆ ನಲವತ್ತು ನಿಮಿಷ, ಪ್ರಶ್ನೆಗೂ ಅಷ್ಟೇ ಸಮಯ. ಪ್ರಶ್ನೆ ಬೇಡ, ಭಾಷಣ ಮಾಡಿ ಹೊರಡ್ತೀನಿ ಅಂದರು. ಹಾಗಾದರೆ ಆಗಲ್ಲ ಸರ್ ಅಂದೆ. ಕಾಲೇಜಿನ ವೇದಿಕೆಗೂ ಜಯದೇವ ಸರ್ಕಲ್‌ನ ಸಭೆಗೂ ಇರೋ ವ್ಯತ್ಯಾಸವೇ ಅದು, ಇಲ್ಲಿ ಕೇಳುವವರಿಗೆ ತಿರುಗಿ ಕೇಳುವ ಹಕ್ಕಿರುತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಇದನ್ನು ಪತ್ರದಲ್ಲೂ ಬರೆದು ಕಳಿಸಿದೆ.

ಸಮಯ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟೆವು. ಮಧ್ಯಾಹ್ನ ಮೂರಕ್ಕೆ ಇಟ್ಟರೆ ಬಸ್ಸಿನ ಮಕ್ಕಳು ಪ್ರಶ್ನೆ ಶುರುವಾಗೋ ಹೊತ್ತಿಗೆ ಬಸ್ ಸ್ಟ್ಯಾಂಡ್ ಕಡೆ ಓಡುತ್ತಾರೆ. ಜಾಸ್ತಿ ನೊಂದಿರೋದೇ ಹಳ್ಳಿಯಿಂದ ಬರುವ ಮಕ್ಕಳು, ಅವರೇ ಇಲ್ಲದ ಸಂವಾದ ಯಾಕೆ? ಗೇಟಿನಲ್ಲಿ ಐಡಿ ಕಾರ್ಡ್ ನೋಡಿಯೇ ಒಳಗೆ ಬಿಟ್ಟೆವು. ಹೊರಗಿನ ಯಾವ ಪಕ್ಷದವರೂ, ಯಾವ ಸಂಘಟನೆಯವರೂ ಬೇಡ. ಪೊಲೀಸರಿಗೆ ಮೊದಲೇ ಪತ್ರ ಕೊಟ್ಟಿದ್ದೆವು. ಗೇಟಿನ ಹೊರಗೆ ಇರಿ, ನಾವು ಕರೆದರೆ ಮಾತ್ರ ಒಳಗೆ ಬನ್ನಿ ಅಂತ ಕೇಳಿಕೊಂಡಿದ್ದೆವು. ಹಾಲ್‌ನೊಳಗೆ ಖಾಕಿ ಕಂಡರೆ ಪ್ರಶ್ನೆ ಕೇಳಬೇಕಾದ ಹುಡುಗಿ ಬಾಯಿ ಬಿಡಲ್ಲ.

ಪ್ರತಿಭಟನೆಗೆ ಕೊಟ್ಟ ಜಾಗ ಹಾಲ್ ಬಾಗಿಲ ಎದುರಿನ ಹೊಂಗೆ ಮರದ ಕೆಳಗೆ. ಕೆಲವರು ಮೈದಾನದ ಆ ಮೂಲೆಗೆ ಕಳಿಸಿ ಅಂದಿದ್ದರು. ನಾನು ಒಪ್ಪಲಿಲ್ಲ. ಅತಿಥಿಗೆ ಕಾಣದ ಜಾಗದಲ್ಲಿ ಪ್ರತಿಭಟನೆ ಮಾಡಿ ಅನ್ನೋದು ಮಾಡಬೇಡಿ ಅಂದಷ್ಟೇ ಅಲ್ವಾ? ಅವರು ಕಾರಿಂದ ಇಳಿದು ಬಾಗಿಲವರೆಗೆ ಆ ಫಲಕಗಳ ಮುಂದೆಯೇ ನಡೆದು ಬಂದರು. ಒಂದು ರಟ್ಟಿನ ಮೇಲೆ ಮಾರ್ಕರ್‌ನಲ್ಲಿ ಬರೆದಿತ್ತು: "ನಮ್ಮ ಊಟ ಭಿಕ್ಷೆ ಅಲ್ಲ". ಅವರು ನಿಂತು ಓದಿದ್ದನ್ನು ನಾನು ನೋಡಿದೆ.

ಒಳಗೆ ಪಕ್ಕದ ಸಾಲುಗಳಲ್ಲಿ ಕುರ್ಚಿಗಳ ಮಧ್ಯೆ ದಾರಿ ಬಿಟ್ಟಿದ್ದೆವು, ಎದ್ದು ಹೋಗಬೇಕು ಅನ್ನೋರು ಯಾರ ಕಾಲೂ ತುಳಿಯದೆ ಹೋಗಲಿ ಅಂತ. ಎದ್ದು ಹೋಗೋದೂ ಒಂದು ಮಾತೇ. ಕೆಲವರು ಅತಿಥಿ ಬಾಯಿ ತೆರೆದ ಕೂಡಲೇ ಎದ್ದು, ಬೆನ್ನು ತಿರುಗಿಸಿ ನಿಂತು, ಹೊರಗೆ ಹೋದರು. ಉಳಿದವರಲ್ಲಿ ಹಿಂದಿನ ಸಾಲಿನ ಹುಡುಗರು ಕೂಗೋಕೆ ಶುರು ಮಾಡಿದರು. ಚಪ್ಪಾಳೆ, ಘೋಷಣೆ, ಬೆಂಚು ಬಡಿತ. ಏನೂ ಕೇಳಿಸುತ್ತಿರಲಿಲ್ಲ.

ನಾನು ಅತಿಥಿಗಳಿಗೆ ಒಂದು ನಿಮಿಷ ಕೂರಲು ಹೇಳಿ ಎದ್ದೆ. ಏನು ಹೇಳಬೇಕು ಅಂತ ಮೊದಲೇ ಬರೆದುಕೊಂಡಿದ್ದೆ, ಅದನ್ನೇ ಓದಿದೆ: "ನಿಮ್ಮ ಸಿಟ್ಟು ಅವರಿಗೆ ತಲುಪಿದೆ. ಈಗ ಅವರು ನಲವತ್ತು ನಿಮಿಷ ಮಾತಾಡ್ತಾರೆ. ಆಮೇಲೆ ಮೊದಲ ಪ್ರಶ್ನೆ ನಿಮ್ಮದೇ. ಇದು ಮೊದಲನೇ ಸಲ ಹೇಳ್ತಿರೋದು." ಇಷ್ಟೇ. ಅತಿಥಿ ಸರಿ, ನೀವು ತಪ್ಪು ಅಂತಲೋ, ನಿಮ್ಮ ನೋವು ನನಗೂ ಅರ್ಥವಾಗುತ್ತೆ ಅಂತಲೋ ಒಂದು ಮಾತೂ ಸೇರಿಸಲಿಲ್ಲ. 2023ರ ಮಾರ್ಚ್‌ನಲ್ಲಿ ಸ್ಟ್ಯಾನ್‌ಫರ್ಡ್ ಕಾನೂನು ಕಾಲೇಜಿನಲ್ಲಿ ನ್ಯಾಯಾಧೀಶ ಕೈಲ್ ಡಂಕನ್ ಮಾತಿಗೆ ವಿದ್ಯಾರ್ಥಿಗಳು ಅಡ್ಡಿ ಮಾಡಿದಾಗ, ಸಭೆ ಹಿಡಿತಕ್ಕೆ ತರಬೇಕಿದ್ದ ಕಾಲೇಜಿನ ಅಧಿಕಾರಿಯೇ ಮೈಕ್ ಹಿಡಿದು ಈ ಕಾರ್ಯಕ್ರಮ ಬೇಕಿತ್ತಾ ಅನ್ನೋ ಧಾಟಿಯಲ್ಲಿ ಮಾತಾಡಿದರು. ಆಮೇಲೆ ವಿಶ್ವವಿದ್ಯಾಲಯ ಆ ನ್ಯಾಯಾಧೀಶರ ಕ್ಷಮೆ ಕೇಳಬೇಕಾಯಿತು. ಸಭೆ ನಡೆಸುವವರು ಒಂದು ಪಕ್ಷ ಹಿಡಿದರೆ ಇನ್ನೊಂದು ಪಕ್ಷ ಅವರ ಮಾತು ಯಾಕೆ ಕೇಳಬೇಕು?

ಎರಡನೇ ಸಲ ಹೇಳಿದ ಮೇಲೆ ಗದ್ದಲ ಇಳಿಯಿತು. ಅಷ್ಟರಲ್ಲಿ ಒಬ್ಬ ಹುಡುಗ ಹೋಗಿ ಸೌಂಡ್ ಬಾಕ್ಸಿನ ವೈರ್ ಕಿತ್ತ. ಹಾಲ್ ಪೂರ್ತಿ ನಿಶ್ಶಬ್ದ. ಮೈಕ್ ಸೆಟ್ಟಿನವರಿಗೆ ಇನ್ನೊಂದು ವೈರ್ ತಂದಿಟ್ಟುಕೊಳ್ಳಿ ಅಂತ ಹೇಳಿದ್ದೆವು, ಐದೇ ನಿಮಿಷದಲ್ಲಿ ಸರಿಯಾಯಿತು. ಆ ಹುಡುಗನನ್ನು ಯಾರೂ ಮುಟ್ಟಲಿಲ್ಲ, ನಮ್ಮ ಕ್ರೀಡಾ ವಿಭಾಗದ ಸರ್ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆದುಕೊಂಡು ಹೋದರು. ವೈರಿನ ದುಡ್ಡು ಆಮೇಲೆ ಅವನೇ ಕೊಟ್ಟ. ಅಮಾನತು ಮಾಡಬೇಕು ಅಂತ ಒತ್ತಾಯ ಬಂತು, ಹಾಳೆಯಲ್ಲಿ ಬರೆದಿರೋದು ಅಷ್ಟೇ ಅಂತ ಹೇಳಿ ಅಲ್ಲಿಗೆ ಮುಗಿಸಿದೆವು.

ಪ್ರಶ್ನೆಯ ಹೊತ್ತು ಬಂತು. ಕೊಟ್ಟ ಮಾತಿನಂತೆ ಮೊದಲ ಮೈಕ್ ಪ್ರತಿಭಟನೆ ಮಾಡಿದವರಿಗೆ. ಅಂತಿಮ ಬಿಎ ಹುಡುಗಿಯೊಬ್ಬಳು ಎದ್ದಳು, ತೋಳಿಗೆ ಕಪ್ಪು ಪಟ್ಟಿ. ನೋಟ್‌ಬುಕ್ ತೆರೆದು ಅತಿಥಿಗಳ ಆ ಹಳೆಯ ಮಾತನ್ನು ನಿಧಾನವಾಗಿ ಓದಿದಳು. ಆಮೇಲೆ, "ಸರ್, ಈ ಮಾತನ್ನ ಇಲ್ಲಿ, ನಮ್ಮ ಮುಂದೆ ಇನ್ನೊಂದು ಸಲ ಹೇಳ್ತೀರಾ?" ಅಂದಳು. ಅವರು ಸಂದರ್ಭ ಬೇರೆ ಇತ್ತು, ಪೂರ್ತಿ ಕೇಳಬೇಕು ಅಂತೆಲ್ಲ ಹೇಳಿದರು. ಅವಳು ಕೂರಲಿಲ್ಲ. "ವರ್ಷಕ್ಕೆ ಎಂಟು ಲಕ್ಷದ ಒಳಗೆ ಆದಾಯ ಇರೋರು ಬಡವರು ಅಂತ ಈ ಮೀಸಲಾತಿ ಹೇಳುತ್ತೆ. ನಮ್ಮಪ್ಪ ಕೂಲಿ ಮಾಡ್ತಾರೆ. ಆದರೆ ನಾವು ಎಸ್‌ಸಿ ಆಗಿರೋದಕ್ಕೆ ಆ ಬಡವರ ಪಟ್ಟಿಯಲ್ಲಿ ಬರಲ್ಲ. ಇಬ್ಬರು ನ್ಯಾಯಮೂರ್ತಿಗಳು ಇದು ಸರಿಯಲ್ಲ ಅಂತ ಬರೆದಿದ್ದಾರಲ್ಲ, ಅದಕ್ಕೆ ನಿಮ್ಮ ಉತ್ತರ ಏನು?" ಅವಳು ಹೇಳಿದ್ದು ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಅವರ ಭಿನ್ನ ತೀರ್ಪು. ಪಾಠದಲ್ಲಿ ನಾನು ಒಂದೆರಡು ಸಾಲಿನಲ್ಲಿ ಹೇಳಿದ್ದನ್ನು ಅವಳು ಹುಡುಕಿ ಓದಿಕೊಂಡು ಬಂದಿದ್ದಳು.

ಅತಿಥಿಗಳು ಅದಕ್ಕೆ ಗಂಭೀರವಾಗಿಯೇ ಉತ್ತರ ಕೊಟ್ಟರು. ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಬೇರೆ ಮೀಸಲಾತಿ ಈಗಾಗಲೇ ಇದೆ ಅನ್ನೋ ಬಹುಮತದ ವಾದವನ್ನು ವಿವರಿಸಿದರು. ಹಾಸ್ಟೆಲ್ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ, ಮತ್ತೊಮ್ಮೆ ಹೇಳಲೂ ಇಲ್ಲ. ಅದನ್ನು ಇಡೀ ಹಾಲ್ ಗಮನಿಸಿತು. ಕೂಗಾಟದಲ್ಲೇ ಸಭೆ ಮುಗಿದಿದ್ದರೆ ಅವರು "ನನ್ನನ್ನು ಮಾತಾಡಲು ಬಿಡಲಿಲ್ಲ" ಅಂತ ಹೇಳಿಕೊಂಡು ಹೋಗುತ್ತಿದ್ದರು, ಈ ಪ್ರಶ್ನೆ ಯಾರಿಗೂ ಕೇಳಿಸುತ್ತಲೇ ಇರಲಿಲ್ಲ.

ಎಲ್ಲರಿಗೂ ಸಮಾಧಾನ ಆಯಿತು ಅಂತಲ್ಲ. ಎದ್ದು ಹೋದವರಲ್ಲಿ ಒಬ್ಬ ಮರುದಿನ ಬಂದು ಹೇಳಿದ: "ಮೇಡಂ, ಮೈಕ್ ಕೊಟ್ಟಿದ್ದೇ ಅವರಿಗೆ ಮರ್ಯಾದೆ ಕೊಟ್ಟ ಹಾಗೆ. ನಮ್ಮ ಊಟಕ್ಕೆ ಅಂದ ಮಾತು ಚರ್ಚೆಯ ವಿಷಯವೇ ಅಲ್ಲ." ಈ ಮಾತಲ್ಲಿ ತೂಕ ಇದೆ. ನಾನು ಹೇಳಿದ್ದು ಇಷ್ಟು: ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಮೂರು ಬೇರೆ ಮಾಡಿ, ಪ್ರಚೋದನೆಯ ಮಟ್ಟಕ್ಕೆ ಹೋದಾಗಲೇ ತಡೆಯಬಹುದು ಅನ್ನುತ್ತೆ. ನಾವು ಕರೆಯುವಾಗಲೂ ಅದನ್ನೇ ನೋಡುತ್ತೇವೆ. ಒಂದು ಸಮುದಾಯದವರನ್ನು ಹೊಡೆಯಿರಿ, ಓಡಿಸಿ ಅಂತ ಹೇಳಿದವರನ್ನು ನಾನು ಕರೆಯಲ್ಲ. ನೋವಾಗೋ ಮಾತಾಡಿದವರನ್ನೆಲ್ಲ ಬಿಡುತ್ತಾ ಹೋದರೆ ಯಾರ ನೋವು ಲೆಕ್ಕಕ್ಕೆ ಅಂತ ತೀರ್ಮಾನ ಮಾಡೋರು ಮಕ್ಕಳಾಗಿರಲ್ಲ, ಆಡಳಿತ ಮಂಡಳಿ ಆಗಿರುತ್ತೆ. ಅವನು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ, ನಾವು ಸಿಕ್ಕಾಗಲೆಲ್ಲ ಇದನ್ನು ಮಾತಾಡ್ತೀವಿ.

ನಿಜವಾದ ಪರೀಕ್ಷೆ ಎರಡನೇ ಉಪನ್ಯಾಸದ್ದು. ಈ ಸಲ ಶೇ 10 ಮೀಸಲಾತಿಯನ್ನು ವಿರೋಧಿಸುವವರು ಬಂದರು, ಕೂಗಲು ಎದ್ದು ನಿಂತವರು ಅದರ ಪರವಾಗಿದ್ದ ವಿದ್ಯಾರ್ಥಿಗಳು. ಅದೇ ಹಾಳೆ, ಅದೇ ಹೊಂಗೆ ಮರ, ಅದೇ ಮೂರು ಸಲದ ಎಚ್ಚರಿಕೆ, ಮೊದಲ ಪ್ರಶ್ನೆ ಅವರಿಗೇ. ಹಿಂದಿನ ಸಲ ಕಪ್ಪು ಪಟ್ಟಿ ಕಟ್ಟಿದ್ದ ಕೆಲವರು "ಇವರಿಗ್ಯಾಕೆ ಮೈಕ್ ಮೇಡಂ" ಅಂದರು. "ನಿಮಗೆ ಕೊಟ್ಟಿದ್ದಕ್ಕೇ ಕಣ್ರಪ್ಪ" ಅಂದೆ.

ಈಗ ಆ ಹಾಳೆಗೆ ಒಂದು ಸಾಲು ಸೇರಿಸಿದ್ದೇವೆ. ಕಾರ್ಯಕ್ರಮದ ಪೂರ್ತಿ ವಿಡಿಯೋವನ್ನು ಕಾಲೇಜೇ ತೆಗೆದು, ಪ್ರಶ್ನೋತ್ತರವನ್ನೂ ಸೇರಿಸಿ, ಅದೇ ಸಂಜೆ ವಿದ್ಯಾರ್ಥಿಗಳ ಗುಂಪುಗಳಿಗೆ ಕಳಿಸಬೇಕು. ತುಂಡು ಮಾಡಿದ ವಿಡಿಯೋ ಓಡಾಡೋಕೆ ಶುರುವಾಗುವ ಮೊದಲು ಇಡೀ ವಿಡಿಯೋ ಎಲ್ಲರ ಫೋನಿನಲ್ಲಿರಲಿ. ನಿಮ್ಮ ಕಾಲೇಜಿನಲ್ಲಿ ಮಾಡೋದಾದರೆ ಈ ಸಾಲನ್ನೂ ಬರೆದುಕೊಳ್ಳಿ, ಮತ್ತು ಅತಿಥಿಗಳ ಒಪ್ಪಿಗೆಯನ್ನು ಆಹ್ವಾನ ಪತ್ರದಲ್ಲೇ ಕೇಳಿಬಿಡಿ.